ಎರಡನೇ ರಿಮೋಟು ಮತ್ತು ವಿಮಾನಪುರದ ಆಕಾಶ

ಎತ್ತರ 200, ವೇಗ 288. ಹನ್ನೊಂದನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ ಈ ಎರಡು ಸಂಖ್ಯೆಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಕೊನಾಮಿ ಕಂಪನಿ 1987ರಲ್ಲಿ ನಿಂಟೆಂಡೊ ಡಬ್ಬಿಗೆಂದು ಮಾಡಿದ ‘ಟಾಪ್ ಗನ್’ ಆಟದಲ್ಲಿ ಶತ್ರು ವಿಮಾನಗಳನ್ನೆಲ್ಲ ಉರುಳಿಸಿ ಬಂದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ನಮ್ಮ ಎಫ್-14 ವಿಮಾನವನ್ನು ಸಮುದ್ರದ ನಡುವೆ ನಿಂತ ಹಡಗಿನ ಮೇಲೆ ಇಳಿಸಬೇಕಿತ್ತು. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ವೇಗ ಏರಿಸು, ವೇಗ ಇಳಿಸು ಎಂದು ಪರದೆ ಅವಸರಪಡಿಸುತ್ತಲೇ ಇರುತ್ತಿತ್ತು. ಹಡಗು ಹತ್ತಿರವಾಗುವ ಹೊತ್ತಿಗೆ ಎತ್ತರ 200ರ ಆಸುಪಾಸು, ವೇಗ 288ರ ಆಸುಪಾಸು ಇರಬೇಕು, ಮೂಗು ನೇರವಿರಬೇಕು. ಒಂದು ತಪ್ಪಿದರೂ ವಿಮಾನ ನೀರಿಗೆ.

ಜೀವನ್‌ಬಿಮಾನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಆ ವಿಮಾನ ಅದೆಷ್ಟು ಸಲ ನೀರಿಗೆ ಬಿದ್ದಿದೆಯೋ. ಅಪ್ಪ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ರಾತ್ರಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ನಮ್ಮ ಬೆನ್ನ ಹಿಂದೆ ನಿಂತು ನೋಡಿದರು. ಅಣ್ಣ ಇಳಿಸಲು ಹೋಗಿ ಮೂರನೇ ಸಲ ಮುಳುಗಿಸಿದ್ದ. “ಹಾರಿಸೋದು ದೊಡ್ಡದಲ್ಲ ಕಣೋ, ಇಳಿಸೋದೇ ದೊಡ್ಡದು. ನಾವು ದಿನಾ ನೋಡ್ತೀವಲ್ಲ” ಅಂದರು. ಆಟವನ್ನು ಅವರು ಆಟವೆಂದು ಕಡೆಗಣಿಸಲಿಲ್ಲ ಎಂಬುದು ನನಗೆ ಈಗಲೂ ನೆನಪಿರುವ ಸಂಗತಿ.

ಬೆಂಗಳೂರಿನ ಪೂರ್ವಭಾಗದಲ್ಲಿ ಬೆಳೆದ ನಮ್ಮ ತಲೆಮಾರಿನ ಮಕ್ಕಳಿಗೆ ಇದ್ದ ಭಾಗ್ಯ ಬೇರೆ ಊರಿನವರಿಗೆ ಇರಲಿಲ್ಲ. ಟೀವಿಯೊಳಗೆ ಯುದ್ಧವಿಮಾನ, ಹಂಚಿನ ಮೇಲೂ ಯುದ್ಧವಿಮಾನ. ಇಂದಿರಾನಗರ, ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯ, ವಿಮಾನಪುರ, ಇವೆಲ್ಲ ಎಚ್‌ಎಎಲ್ ರನ್‌ವೇಯ ನೆರಳಿನ ಬಡಾವಣೆಗಳು. ಆಗ ಊರಿನ ಪ್ರಯಾಣಿಕರ ವಿಮಾನ ನಿಲ್ದಾಣವೂ ಅದೇ, ಹೊಸ ವಿಮಾನಗಳನ್ನು ಪರೀಕ್ಷಿಸುವ ಜಾಗವೂ ಅದೇ. ಬರುವ ಸದ್ದಿನಲ್ಲೇ ಅಪ್ಪ ಹೇಳುತ್ತಿದ್ದರು: ಇದು ಕಿರಣ್, ಇದು ಜಾಗ್ವಾರ್. 1992ರ ಆಗಸ್ಟ್ 20ರಂದು ನಮ್ಮದೇ ಹೊಸ ಹೆಲಿಕಾಪ್ಟರ್, ಮುಂದೆ ‘ಧ್ರುವ್’ ಎಂದು ಹೆಸರಾದದ್ದು, ಮೊದಲ ಸಲ ಮೇಲೆದ್ದಾಗ ಆ ಸಂಜೆ ಮನೆಗೆ ಬಂದ ಅಪ್ಪನ ಮುಖ ಹಬ್ಬದ ದಿನದ ಮುಖ.

ಒಂದು ವಿಚಿತ್ರ ನೆನಪಿದೆ. ದೂರದರ್ಶನ ನೋಡುತ್ತಿರುವಾಗ ವಿಮಾನ ತಲೆಯ ಮೇಲೆ ಹಾದರೆ ಚಿತ್ರ ನೀರಿನೊಳಗಿನ ನೆರಳಿನಂತೆ ಅಲುಗಾಡುತ್ತಿತ್ತು. ಗೋಪುರದಿಂದ ನೇರ ಬರುವ ಅಲೆಗೆ ವಿಮಾನದ ಮೈಗೆ ತಾಗಿ ಬಂದ ಅಲೆ ಬೆರೆತು ಹಾಗಾಗುತ್ತದೆ. ಆದರೆ ಆಟದ ಡಬ್ಬಿಯ ವೈರು ಆಂಟೆನಾ ತೂತಿಗೇ ಸಿಕ್ಕಿಸಿದ್ದರಿಂದ ಆ ಚಿತ್ರ ಅಲುಗುತ್ತಿರಲಿಲ್ಲ. ಕಿಟಕಿ ಗಾಜು ಗಡಗಡ ಅಂದರೂ ನಮ್ಮ ಪುಟ್ಟ ವಿಮಾನ ನೆಟ್ಟಗೆ ಹಾರುತ್ತಲೇ ಇರುತ್ತಿತ್ತು.

ನಾನು ಮೊದಲು ಆಡಿದ್ದು ನಮ್ಮ ಮನೆಯಲ್ಲಲ್ಲ, ಕೆ.ಆರ್. ಪುರದ ಹತ್ತಿರ ದೂರವಾಣಿನಗರದಲ್ಲಿ. ಚಿಕ್ಕಪ್ಪ ಐಟಿಐ ದೂರವಾಣಿ ಕಾರ್ಖಾನೆಯಲ್ಲಿದ್ದರು, ಮನೆ ಕ್ವಾರ್ಟರ್ಸ್‌ನಲ್ಲಿ. ಅವರಲ್ಲಿ ಅಟಾರಿ ಮಾದರಿಯ ಡಬ್ಬಿಯಿತ್ತು, ಆಟಗಳು ಅದರೊಳಗೇ ಇದ್ದವು. 1977ರಲ್ಲಿ ಅಮೆರಿಕದಲ್ಲಿ ಅಟಾರಿ 2600 ಮಾರಾಟಕ್ಕೆ ಬಂದಾಗ ಜೊತೆಗೇ ಕೊಡುತ್ತಿದ್ದ ಆಟ ‘ಕಾಂಬ್ಯಾಟ್’. ಅದರಲ್ಲಿ 27 ಬಗೆ: ಟ್ಯಾಂಕು, ಎರಡು ಜೋಡಿ ರೆಕ್ಕೆಯ ಹಳೇ ವಿಮಾನ, ಜೆಟ್. ಪರದೆಯ ಮೇಲೆ ಒಂದೆರಡು ಮೋಡ, ಅದರ ಹಿಂದೆ ಹೋದರೆ ವಿಮಾನ ಕಾಣದು. ಇಬ್ಬರು ಪಕ್ಕಪಕ್ಕ ಕೂತು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವುದಷ್ಟೇ ಆಟ. ಆ ಯಂತ್ರಕ್ಕಿದ್ದ ಕೆಲಸದ ನೆನಪು ಬರೀ 128 ಬೈಟ್. ಇಷ್ಟರಲ್ಲಿ ಮೋಡವೂ ಇತ್ತು, ಗುಂಡೂ ಇತ್ತು, ಅಂಕವೂ ಇತ್ತು.

ಅದೇ ಡಬ್ಬಿಯಲ್ಲಿದ್ದ ಇನ್ನೊಂದು ಆಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ‘ರಿವರ್ ರೇಡ್’. ನದಿಯ ಮೇಲೆ ಜೆಟ್ ಹಾರಿಸಬೇಕು. ದಡಕ್ಕೆ ತಾಗಬಾರದು, ಎದುರು ಬರುವ ಹಡಗು, ಹೆಲಿಕಾಪ್ಟರ್, ಸೇತುವೆಗಳನ್ನು ಹೊಡೆಯಬೇಕು, ನಡುನಡುವೆ ‘ಫ್ಯುಯೆಲ್’ ಎಂದು ಬರೆದ ಪಟ್ಟಿಗಳ ಮೇಲೆ ಹಾದು ಇಂಧನ ತುಂಬಿಸಿಕೊಳ್ಳಬೇಕು. ಇಂಧನದ ಪಟ್ಟಿಯನ್ನೂ ಗುಂಡಿಟ್ಟು ಒಡೆಯಬಹುದು, ಅಂಕ ಸಿಗುತ್ತದೆ. ಆದರೆ ಒಡೆದರೆ ಮುಂದೆ ಹಾರಲು ಎಣ್ಣೆ ಇಲ್ಲ. ಅಂಕವೋ, ಉಸಿರೋ? ನಾಲ್ಕೈದು ಸೆಕೆಂಡಿಗೊಮ್ಮೆ ಈ ಪ್ರಶ್ನೆ ಎದುರಾಗುತ್ತದೆ. “ಲೇ, ಪೆಟ್ರೋಲ್ ಮುಗೀತು ಕಣೇ!” ಎಂದು ಚಿಕ್ಕಪ್ಪನ ಮಗ ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಅಪ್ಪನಿಗೆ ಹಿಡಿಸಿದ ಏಕೈಕ ಆಟ ಇದು. “ಇದೊಂದರಲ್ಲಿ ಎಣ್ಣೆ ಲೆಕ್ಕ ಇದೆ” ಎನ್ನುತ್ತಿದ್ದರು.

ಈ ಆಟವನ್ನು ಬರೆದದ್ದು ಕ್ಯಾರಲ್ ಶಾ ಎಂಬ ಹೆಂಗಸು, ಆ್ಯಕ್ಟಿವಿಷನ್ ಕಂಪನಿಗಾಗಿ, 1982ರಲ್ಲಿ. ಇದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ವಿಡಿಯೋ ಗೇಮ್ ಬರೆಯುವುದನ್ನೇ ವೃತ್ತಿ ಮಾಡಿಕೊಂಡ ಮೊದಲ ಕೆಲವು ಮಹಿಳೆಯರಲ್ಲಿ ಅವರೂ ಒಬ್ಬರು. ಇಡೀ ಆಟ ಕೂತದ್ದು 4 ಕಿಲೋಬೈಟಿನಲ್ಲಿ. ಕನ್ನಡದ ಒಂದು ಅಕ್ಷರ ಸಂಕೇತ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 3 ಬೈಟ್ ಜಾಗ ತಿನ್ನುತ್ತದೆ, ಅಂದರೆ 4 ಕಿಲೋಬೈಟಿನಲ್ಲಿ ಈ ಲೇಖನದ ಇನ್ನೂರು ಪದ ಹಿಡಿಸುವುದೂ ಕಷ್ಟ. ಅಷ್ಟು ಜಾಗದಲ್ಲಿ ಮುಗಿಯದ ನದಿ ಹರಿಸಿದ್ದು ಹೇಗೆ? ನದಿಯ ನಕ್ಷೆಯನ್ನು ಅವರು ಕೂಡಿಡಲೇ ಇಲ್ಲ. ಒಂದು ಸಂಖ್ಯೆಯನ್ನು ಇಟ್ಟು, ಅದನ್ನು ನಿಯಮದ ಪ್ರಕಾರ ತಿರುಚಿ ಮುಂದಿನ ಸಂಖ್ಯೆ, ಅದರಿಂದ ಅದರ ಮುಂದಿನದು, ಹೀಗೆ ಹುಟ್ಟಿಸಿ ಒಂದೊಂದು ಸಂಖ್ಯೆಯಿಂದ ಒಂದೊಂದು ತಿರುವು, ಒಂದೊಂದು ನಡುಗಡ್ಡೆ ಬರೆಸಿದರು. ಶುರುವಿನ ಸಂಖ್ಯೆ ಒಂದೇ ಆದ್ದರಿಂದ ಅಮೆರಿಕದ ಹುಡುಗನಿಗೂ ದೂರವಾಣಿನಗರದ ನನಗೂ ಎದುರಾದದ್ದು ಅದೇ ನದಿ, ಅದೇ ತಿರುವು. ಪಶ್ಚಿಮ ಜರ್ಮನಿ 1984ರಲ್ಲಿ ಇದನ್ನು ಎಳೆಯರಿಗೆ ಹಾನಿಕರವೆಂದು ನಿರ್ಬಂಧದ ಪಟ್ಟಿಗೆ ಸೇರಿಸಿತು. ಆ ತೀರ್ಮಾನ ಸರಿಯಿತ್ತೆಂದು ನನಗೆ ಅನಿಸುವುದಿಲ್ಲ. ನನಗೆ ಈ ಆಟ ಕಲಿಸಿದ್ದು ಇರುವ ಎಣ್ಣೆಯಲ್ಲಿ ಎಷ್ಟು ದೂರ ಹೋಗಬಹುದೆಂದು ಅಳೆಯುವುದನ್ನು.

ಟೀವಿ ಗೇಮ್ ನಮ್ಮ ಮನೆಗೆ ಬಂದದ್ದು 1993ರಲ್ಲಿ. ಆ ಕಾಲದಲ್ಲಿ ಹೆಸರು ಹಲವು: ಸಮುರಾಯ್, ಮೀಡಿಯಾ ಕಂಪನಿಯವರ ಲಿಟಲ್ ಮಾಸ್ಟರ್, ಟರ್ಮಿನೇಟರ್. ಇವುಗಳ ಮೂಲ ಒಂದೇ, ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಂ. ಅದರ ನಕಲುಗಳೇ ನಮ್ಮ ಬಹುಪಾಲು ಮನೆಗಳಿಗೆ ಬಂದವು. ಹಲಸೂರಿನ ಗಲ್ಲಿಯೊಂದರ ಅಂಗಡಿಯಲ್ಲಿ ಕ್ಯಾಸೆಟ್ಟುಗಳು ಬಾಡಿಗೆಗೆ ಸಿಗುತ್ತಿದ್ದವು. ಕಾರ್ಟ್ರಿಜ್ ಎಂಬ ಪದ ನಮ್ಮಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಅದು ಕ್ಯಾಸೆಟ್ಟೇ. ಕೆಲವದರ ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಹತ್ತಾರು ಆಟಗಳು, ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ತಮಿಳು, ದಖನಿ ಉರ್ದು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಓಡುತ್ತಿದ್ದ ಅಂಗಡಿಯದು. “ಅಣ್ಣಾ, ವಿಮಾನದ್ದು ಯಾವುದಿದೆ?” ಎಂದರೆ ಅವರು ಎರಡು ತೆಗೆದು ಕೊಡುತ್ತಿದ್ದರು. ಒಳಗಿನ ಕೋಣೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡುವ ಹುಡುಗರ ಗುಂಪು. ಹೆಣ್ಣುಮಕ್ಕಳು ಅಲ್ಲಿ ಕೂರುತ್ತಿರಲಿಲ್ಲ. ಕ್ಯಾಸೆಟ್ಟು ತೆಗೆದುಕೊಂಡು ನಾನು ಮನೆಗೆ ಬರುತ್ತಿದ್ದೆ.

ಮನೆಯಲ್ಲೂ ನನಗೆ ಸಿಗುತ್ತಿದ್ದದ್ದು ಎರಡನೇ ರಿಮೋಟು. ಫ್ಯಾಮಿಕಾಂನ ಎರಡನೇ ರಿಮೋಟಿಗೆ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇರಲಿಲ್ಲ, ನಮ್ಮ ಡಬ್ಬಿಯೂ ಅದೇ ಅಚ್ಚಿನದು. ಆಟ ಶುರುಮಾಡುವುದು, ನಿಲ್ಲಿಸುವುದು, ಯಾವ ಆಟ ಎಂದು ಆರಿಸುವುದು ಎಲ್ಲ ಮೊದಲನೇ ರಿಮೋಟಿನ ಅಧಿಕಾರ. ಅಣ್ಣ ಔಟಾದ ಮೇಲೆ ನನ್ನ ಚಾನ್ಸ್. ಅವನು ಬೇಸರವಾಗಿ ಎದ್ದರೆ ಆಟವೇ ಮುಗಿಯಿತು. ಆ ಸಿಟ್ಟು ನನ್ನಲ್ಲಿ ಬಹಳ ಕಾಲ ಇತ್ತು. ಅವನು ಟ್ಯೂಷನ್ನಿಗೆ ಹೋದ ಹೊತ್ತಿನಲ್ಲಿ ಮೊದಲನೇ ರಿಮೋಟು ಹಿಡಿದು ಕೂತ ಮಧ್ಯಾಹ್ನಗಳು ನನ್ನ ಬಾಲ್ಯದ ಅತಿ ಸುಖದ ಮಧ್ಯಾಹ್ನಗಳು.

ಆ ಮಧ್ಯಾಹ್ನಗಳ ಆಟ ‘1942’. ಕ್ಯಾಪ್‌ಕಾಂ ಕಂಪನಿಗಾಗಿ ಯೋಶಿಕಿ ಒಕಮೊಟೊ 1984ರಲ್ಲಿ ರೂಪಿಸಿದ್ದು, ಮರುವರ್ಷ ಮನೆಯ ಡಬ್ಬಿಗೆ ಬಂತು. ಎರಡು ಬಾಲದ ಪಿ-38 ಅಮೆರಿಕನ್ ವಿಮಾನ, ಕೆಳಗೆ ಪೆಸಿಫಿಕ್ ಸಾಗರ, 32 ಹಂತ ದಾಟಿ ಟೋಕಿಯೊ ಕಡೆಗೆ ಪಯಣ. ಒಂದು ಗುಂಡಿಗೆ ಗುಂಡು, ಇನ್ನೊಂದಕ್ಕೆ ಪಲ್ಟಿ. ಪಲ್ಟಿ ಹೊಡೆಯುವ ಆ ಒಂದೆರಡು ಕ್ಷಣ ಯಾವ ಗುಂಡೂ ತಾಗದು, ಆದರೆ ಎಣಿಸಿದಷ್ಟೇ ಪಲ್ಟಿ. ಅದೇ ಕ್ಯಾಸೆಟ್ಟಿನಲ್ಲಿ ಟೈಟೊ ಕಂಪನಿಯ ‘ಸ್ಕೈ ಡೆಸ್ಟ್ರಾಯರ್’ ಇತ್ತು, 1985ರದ್ದು. ಅದರಲ್ಲಿ ನಾವು ಹಾರಿಸುವುದು ಜಪಾನಿನ ಝೀರೋ ವಿಮಾನ, ಮುಳುಗಿಸುವುದು ಅಮೆರಿಕದ ಹಡಗು. ಎರಡನ್ನೂ ಮಾಡಿದವರು ಜಪಾನೀಯರೇ. ಒಂದರಲ್ಲಿ ತಮ್ಮದೇ ರಾಜಧಾನಿಯ ಮೇಲೆ ದಾಳಿ, ಇನ್ನೊಂದರಲ್ಲಿ ತಮ್ಮ ದಾಳಿ. ಸೆಲೆಕ್ಟ್ ಒತ್ತಿದರೆ ಪಕ್ಷ ಬದಲು. ಆಗ ನಮಗೆ ಇದು ತಟ್ಟಲಿಲ್ಲ. ಅಪ್ಪ ಒಮ್ಮೆ ಕೇಳಿದರು, “ಇದರಲ್ಲಿ ನೀನು ಯಾರಮ್ಮಾ?” ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಮೂರು ಕಿಲೋಮೀಟರ್ ದೂರದಲ್ಲೇ ಇತ್ತು ಎಂದು ತಿಳಿಯಲು ವರ್ಷಗಳು ಬೇಕಾದವು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಮುಂದಿನ ಎಚ್‌ಎಎಲ್ ಅನ್ನು, ಕಟ್ಟಿದರು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. ಯುದ್ಧ ಹತ್ತಿರವಾದಂತೆ, ನಮ್ಮ ಆಟದ ಹೆಸರಿನ ಆ 1942ರಲ್ಲೇ, ಕಾರ್ಖಾನೆ ಭಾರತ ಸರ್ಕಾರದ ಕೈಗೆ ಹೋಯಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಅದನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ಬರ್ಮಾ ಕಡೆಯ ಯುದ್ಧದಲ್ಲಿ ಜಖಂ ಆದ ವಿಮಾನಗಳು ಇಲ್ಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇವತ್ತು ನೊರೆಗೆ ಹೆಸರಾದ ಅದೇ ಕೆರೆ. ಟೀವಿಯಲ್ಲಿ ನಾನು ಆಡಿದ ಯುದ್ಧಕ್ಕೆ ಈ ನೆಲದ ಕಮ್ಮಾರರು, ಫಿಟ್ಟರುಗಳು ರಿವೆಟ್ ಹೊಡೆದಿದ್ದರು. ಅಪ್ಪನ ಪ್ರಶ್ನೆಗೆ ಇಂದು ಉತ್ತರ ಕೊಡಬೇಕಾದರೆ ನಾನು ಅವರ ಕಡೆಯವಳು ಎನ್ನುತ್ತೇನೆ.

ಕ್ಯಾಸೆಟ್ಟು ತರಲು ನಾನು ಹಾದುಹೋಗುತ್ತಿದ್ದದ್ದು ಸುರಂಜನ್ ದಾಸ್ ರಸ್ತೆ. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಬರುವ ರಸ್ತೆ ಅದು. ಯಾರೋ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಎಂದುಕೊಂಡಿದ್ದೆ. ಜರ್ಮನಿಯ ಪ್ರಸಿದ್ಧ ಫೋಕ ವುಲ್ಫ್ 190 ವಿಮಾನದ ವಿನ್ಯಾಸಕ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳ ಜೊತೆ ರೂಪಿಸಿದ ಎಚ್‌ಎಫ್-24 ಮರುತ್ ಜೆಟ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು ಈ ಸುರಂಜನ್ ದಾಸ್. ಅದಕ್ಕೂ ಮೊದಲು ಅದೇ ಆಕಾರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲೆಳೆದು ಬಿಟ್ಟು ಪರೀಕ್ಷಿಸಿದ್ದರು. ಮರುತ್‌ಗೆ ತಕ್ಕ ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಅದು ಹಾರಿತು, ಒಟ್ಟು 147 ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿದವು. ಹೆಚ್ಚು ಬಲಕ್ಕೆಂದು ಮಾರ್ಪಡಿಸಿದ ಮರುತ್ ಒಂದನ್ನು ಪರೀಕ್ಷಿಸುವಾಗ 1970ರ ಜನವರಿ 10ರಂದು ಬೆಂಗಳೂರಿನಲ್ಲೇ ವಿಮಾನ ಬಿದ್ದು ಸುರಂಜನ್ ದಾಸ್ ತೀರಿಕೊಂಡರು.

ಆಟದಲ್ಲಿ ಮೂರು ಲೈಫ್. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ಹೋದ ವರ್ಷ ಅಮ್ಮನ ಮನೆ ಖಾಲಿ ಮಾಡುವಾಗ ಡಬ್ಬಿ ಸಿಕ್ಕಿತು. ಅದಕ್ಕೂ ಮೊದಲು ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ ‘1942’ ಆಡಿ ನೋಡಿದ್ದೆ, ಎಲ್ಲವೂ ಅವಸರವಾಗಿ ಕಂಡಿತ್ತು, ಗುಂಡುಗಳು ನನಗಿಂತ ಮುಂದೆ. ವಯಸ್ಸಾಯಿತು ಎಂದುಕೊಂಡೆ. ಡಬ್ಬಿಯನ್ನು ಹಲಸೂರಿನ ಟೀವಿ ರಿಪೇರಿಯವರೊಬ್ಬರ ಬಳಿ ಒಯ್ದೆ. ಅವರು ಮುಚ್ಚಳ ಬಿಚ್ಚಿ, ಅಡಾಪ್ಟರಿನಿಂದ ಬರುವ 9 ವೋಲ್ಟನ್ನು 5ಕ್ಕೆ ಇಳಿಸುವ 7805 ಎಂಬ ಮೂರು ಕಾಲಿನ ಬಿಡಿಭಾಗ ಬದಲಿಸಿದರು. ಕ್ಯಾಸೆಟ್ಟಿನ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ನಾನು ಅಭ್ಯಾಸಬಲದಿಂದ ಊದಲು ಹೋದೆ, ಕೈ ಹಿಡಿದರು. “ಊದಬೇಡಿ ಅಕ್ಕ, ಉಸಿರಿನ ತೇವಕ್ಕೇ ಇದು ಕಪ್ಪಾಗಿರೋದು.” ಟೀವಿ ಮಾತ್ರ ಹಳೇದೇ ಬೇಕೆಂದರು. ಶಿವಾಜಿನಗರದ ಗುಜರಿಯಲ್ಲಿ 14 ಇಂಚಿನ ಡಬ್ಬಾ ಟೀವಿ ಸಿಕ್ಕಿತು, ತೂಕದ ಲೆಕ್ಕದಲ್ಲಿ.

ಹಾಕಿದರೆ ಅದು ನನ್ನ ‘1942’! ಅದೇ ನಿಧಾನ, ಸ್ವಲ್ಪ ದಪ್ಪಗಾದ ಅದೇ ಸ್ವರ. ಕಾರಣ ಸರಳ. ಜಪಾನ್, ಅಮೆರಿಕದ ಟೀವಿ ಸೆಕೆಂಡಿಗೆ 60 ಸಲ ಪರದೆ ಬರೆಯುತ್ತಿತ್ತು, ನಮ್ಮ ಪ್ಯಾಲ್ ಟೀವಿ 50 ಸಲ. ಈ ಆಟಗಳು ಪ್ರತಿ ಸಲ ಪರದೆ ಬರೆದಾಗ ಒಂದು ಹೆಜ್ಜೆ ಮುಂದಿಡುತ್ತವೆ. ಹಾಗಾಗಿ ನಮ್ಮಲ್ಲಿಗೆಂದು ಹೊಂದಿಸಿದ ಡಬ್ಬಿಯಲ್ಲಿ ಆಟದ ವೇಗ ಆರರಲ್ಲಿ ಐದು ಪಾಲು. ನಾವು ಕಲಿತದ್ದು ಆ ಲಯ. ಲ್ಯಾಪ್‌ಟಾಪಿನಲ್ಲಿ ನಾನು ಆಡಿದ್ದು ಜಪಾನಿನ ಮಕ್ಕಳ ಬಾಲ್ಯ.

ಇನ್ನೊಂದು ಹಳೇ ಒಗಟೂ ಬಿಡಿಸಿಕೊಂಡಿತು. ಶತ್ರು ವಿಮಾನಗಳು ಸಾಲಾಗಿ ಬಂದಾಗ ಒಂದೆರಡು ಮಿಣುಕಿ ಮಾಯವಾಗುತ್ತಿದ್ದವು. ನಾವು ಟೀವಿ ನೆತ್ತಿಗೆ ಬಡಿಯುತ್ತಿದ್ದೆವು. ದೋಷ ಟೀವಿಯದ್ದಲ್ಲ. ಫ್ಯಾಮಿಕಾಂ ಪರದೆಯ ಮೇಲೆ ಓಡಾಡುವ ತುಣುಕುಗಳನ್ನು ಒಟ್ಟು 64, ಒಂದು ಅಡ್ಡಗೆರೆಯಲ್ಲಿ 8 ಮಾತ್ರ ತೋರಿಸಬಲ್ಲದು. ಒಂದು ವಿಮಾನಕ್ಕೇ ಹಲವು ತುಣುಕು ಬೇಕು. ಒಂಬತ್ತನೆಯದು ಬಂದರೆ ಯಾವುದೋ ಒಂದು ಮರೆಯಾಗಲೇಬೇಕು. ಬರೆದವರು ಪ್ರತಿ ಸಲ ಬೇರೆ ಬೇರೆ ತುಣುಕನ್ನು ಬಿಟ್ಟುಕೊಡುತ್ತ, ಯಾವುದೂ ಪೂರ್ತಿ ಕಾಣೆಯಾಗದಂತೆ ನೋಡಿಕೊಂಡರು. ಅದೇ ಆ ಮಿಣುಕು. ಇಷ್ಟು ಗೊತ್ತಾದ ಮೇಲೆ ಆ ಮಿಣುಕು ನನಗೆ ದೋಷವಾಗಿ ಕಾಣುತ್ತಿಲ್ಲ.

‘ಟಾಪ್ ಗನ್’ ಕೂಡ ಹಾಕಿದೆ. ಎತ್ತರ 200, ವೇಗ 288, ನಾಲ್ಕನೇ ಪ್ರಯತ್ನಕ್ಕೆ ಹಡಗಿನ ಮೇಲೆ ಇಳಿಯಿತು. ಅಪ್ಪ ಇರಬೇಕಿತ್ತು. ವಿಮಾನಪುರದಲ್ಲೇ ಕಚೇರಿ ಇರುವ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸಿದ ನೌಕಾಪಡೆಯ ತೇಜಸ್ 2020ರ ಜನವರಿ 11ರಂದು ಐಎನ್ಎಸ್ ವಿಕ್ರಮಾದಿತ್ಯ ಹಡಗಿನ ಮೇಲೆ ನಿಜವಾಗಿಯೂ ಇಳಿದ ಸುದ್ದಿ ಕೇಳಲೂ ಅವರು ಇರಬೇಕಿತ್ತು.

ಕಳೆದ ತಿಂಗಳು ಮಗಳನ್ನು ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಅಂಗಳದಲ್ಲಿ ಮರುತ್ ನಿಂತಿದೆ. ಉದ್ದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ, ಬಿಸಿಲಿಗೆ ಕಾದ ಮೈ. ನಾನು ಆಡಿದ ಯಾವ ಆಟದಲ್ಲೂ ಈ ವಿಮಾನವಿರಲಿಲ್ಲ. ಪಿ-38 ಇತ್ತು, ಝೀರೋ ಇತ್ತು, ಎಫ್-14 ಇತ್ತು. ನಮ್ಮ ಹಂಚಿನ ಮೇಲೆ ಹಾರಿದ್ದೊಂದೂ ಇರಲಿಲ್ಲ. ಆಟ ಬರೆಯುವವರು ಈಗ ಈ ಊರಲ್ಲೇ ಇದ್ದಾರೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಬೆಂಗಳೂರು ಜಗತ್ತಿನ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಡುತ್ತಿದೆ. ಅವರಲ್ಲಿ ಯಾರಾದರೂ, ಹಳೇ ಡಬ್ಬಿಯ ಆ ಕೆಲವೇ ಕಿಲೋಬೈಟಿನ ಶಿಸ್ತಿನಲ್ಲಿ, ಮರುತ್‌ನ ಆಟವೊಂದನ್ನು ಬರೆಯಲಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಬಲ ಸಾಲದ ಎಂಜಿನ್, ಅಳೆದು ಖರ್ಚು ಮಾಡಬೇಕಾದ ಎಣ್ಣೆ, ಕೊನೆಯಲ್ಲಿ ಎಚ್‌ಎಎಲ್ ರನ್‌ವೇಯ ಮೇಲೆ ಇಳಿಸುವುದು. ಅದಕ್ಕಿಂತ ಒಳ್ಳೆಯ ಆಟ ಬೇಕೆ?

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಆ ಡಬ್ಬಿ ಇದ್ದರೆ ಗುಜರಿಯವರಿಗೆ ಕೊಡಬೇಡಿ. ಹಳೇ ಅಡಾಪ್ಟರನ್ನು ಪರೀಕ್ಷಿಸದೆ ಸಿಕ್ಕಿಸಬೇಡಿ, ಕ್ಯಾಸೆಟ್ಟಿಗೆ ಊದಬೇಡಿ. ಡಬ್ಬಾ ಟೀವಿ ಇದ್ದರೆ ಅದನ್ನೂ ಉಳಿಸಿಕೊಳ್ಳಿ, ಪರದೆಗೆ ಗುರಿಯಿಟ್ಟು ಆಡುವ ಬೆಳಕಿನ ಬಂದೂಕು ಆ ಗಾಜಿನ ಎದುರಲ್ಲದೆ ಕೆಲಸ ಮಾಡದು. ರಿಮೋಟುಗಳನ್ನು ಎತ್ತಿಡುವಾಗ ಎರಡನ್ನೂ ಎತ್ತಿಡಿ, ಸ್ಟಾರ್ಟ್ ಗುಂಡಿ ಇಲ್ಲದ್ದನ್ನೂ.